ಮನೆಯ ಒಳಗಿನ ಚೆಲುವಿಗೆ ಮಾದರಿ ಎಲ್ಲಿದೆ?

(ಮನೆ ಕಟ್ಟುವ ಹಾಗೂ ಹಳೆಯ ಮನೆ ನವೀಕರಿಸುವ ಮಲೆನಾಡಿನ ಕುಟುಂಬಗಳಿಗಾಗಿ ನಡೆದ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮನೆಯ ಒಳಾಂಗಣದ ಅಲಂಕಾರವೆಂಬ ವಿಷಯ ಪರಿಸರದ ವೇದಿಕೆಗಳಲ್ಲಿ ಚರ್ಚೆಗೆ ಬರುವುದು ಅಪರೂಪ. ಕಾಡು, ನದಿ, ಗಣಿ, ಅಣೆಕಟ್ಟುಗಳ ಪ್ರಶ್ನೆಯ ಮುಂದೆ ಗೋಡೆಯ ಬಣ್ಣ, ಕುರ್ಚಿಯ ಆಕಾರ, ಕಿಟಕಿಯ ಪರದೆಗಳು ಹಗುರವಾದ ಸಂಗತಿಗಳೆಂದು ತೋರುವುದು ಸಹಜ. ಆದರೆ ಸಾಮಾನ್ಯ ಕುಟುಂಬವೊಂದು ಮರ, ಮಣ್ಣು, ಕಲ್ಲುಗಳನ್ನು ಒಮ್ಮೆಗೇ ಅತಿ ಹೆಚ್ಚು ಬಳಸುವುದು ಮನೆ ಕಟ್ಟುವಾಗ ಇಲ್ಲವೆ ನವೀಕರಿಸುವಾಗ. ಆಗ ಏನನ್ನು ತರಬೇಕೆಂಬುದನ್ನು ಬಹುಪಾಲು ನಿರ್ಧರಿಸುವುದು ಲೆಕ್ಕಾಚಾರವಲ್ಲ. ಮನಸ್ಸಿನಲ್ಲಿ ಮೊದಲೇ ನೆಲೆಗೊಂಡ ಒಂದು ಚಿತ್ರ. ಆ ಚಿತ್ರ ಎಲ್ಲಿಂದ ಬರುತ್ತದೆ, ಎಲ್ಲಿಂದ ಬಂದರೆ ಒಳಿತು ಎಂಬುದೇ ಈ ಉಪನ್ಯಾಸದ ವಿಷಯ.

ಮಲೆನಾಡಿನಲ್ಲಿ ಈಗ ಆ ಚಿತ್ರ ಬರುತ್ತಿರುವುದು ಟೈಲ್ಸ್ ಅಂಗಡಿಯ ಕ್ಯಾಟಲಾಗಿನಿಂದ, ಮೊಬೈಲಿನ ತೆರೆಯಿಂದ, ನಗರದಲ್ಲಿರುವ ನೆಂಟರ ಫ್ಲ್ಯಾಟಿನಿಂದ. ಬೆಳ್ಳಗಿನ ಗೋಡೆ, ಕನ್ನಡಿಯಂತೆ ಹೊಳೆಯುವ ನೆಲ, ಜಿಪ್ಸಮ್ಮಿನ ತೂಗುಚಾವಣಿ, ಅದರೊಳಗೆ ಅಡಗಿದ ದೀಪಗಳು, ಗೋಡೆಯುದ್ದಕ್ಕೂ ಲ್ಯಾಮಿನೇಟ್ ಹೊದಿಸಿದ ಕಪಾಟುಗಳು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಹಳೆಯ ಮನೆ ಇಳಿಯುತ್ತದೆ. ಅದರ ಕೆತ್ತನೆಯ ಕಂಬ, ಹೆಬ್ಬಾಗಿಲು, ಬೋದಿಗೆ, ಪತ್ತಾಯಗಳು ಲಾರಿಯೇರಿ ನಗರದ ಹೋಟೆಲುಗಳಿಗೆ, ರೆಸಾರ್ಟುಗಳಿಗೆ ಸಾಗುತ್ತವೆ. ಮಲೆನಾಡು ತನ್ನ ಮನೆಗೆ ನಗರದ ಚಿತ್ರವನ್ನು ಹುಡುಕುತ್ತಿರುವ ಹೊತ್ತಿನಲ್ಲಿ ನಗರವು ತನ್ನ ಮನೆಗೆ ಮಲೆನಾಡಿನ ಕಂಬವನ್ನು ಹುಡುಕುತ್ತಿದೆ. ಈ ವಿನಿಮಯದಲ್ಲಿ ನಷ್ಟವಾಗುವುದು ಕೇವಲ ಹಳೆಯ ಸಾಮಾನಲ್ಲ. ಮಳೆ, ಮಣ್ಣು, ಮರಗಳನ್ನು ಅರಿತು ಬದುಕುವ ಒಂದು ತಿಳಿವಳಿಕೆಯೇ ಮನೆಯಿಂದ ಹೊರಟುಹೋಗುತ್ತದೆ.

ಚಿತ್ರಗಳಿಗೂ ಊರಿದೆ

ಚೆಲುವಿನ ಪ್ರತಿಯೊಂದು ಮಾದರಿಯೂ ಯಾವುದೋ ಒಂದು ಊರಿನಲ್ಲಿ ಹುಟ್ಟಿದ್ದು. ಇಂದು ಜಗತ್ತಿನಾದ್ಯಂತ ಅನುಕರಿಸಲಾಗುವ ಬಿಳಿ ಗೋಡೆ ಮತ್ತು ತೆಳುಬಣ್ಣದ ಮರದ ಶೈಲಿಯನ್ನೇ ನೋಡಬಹುದು. ಅದರ ಬೇರುಗಳಲ್ಲಿ ಒಂದು ಸ್ವೀಡನ್ನಿನ ಡಾಲಾರ್ನಾ ಪ್ರಾಂತದ ಸುಂಡ್‌ಬೋರ್ನ್ ಎಂಬ ಹಳ್ಳಿಯಲ್ಲಿದೆ. ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಆತನ ಪತ್ನಿ ಕಾರಿನ್ ಅವರಿಗೆ 1888ರಲ್ಲಿ ಕಾರಿನ್ನಳ ತಂದೆ ಅಲ್ಲಿನ ಒಂದು ಪುಟ್ಟ ಮನೆಯನ್ನು ಕೊಟ್ಟರು. ಕಾರಿನ್ ತಾನೇ ಪರದೆ, ಹಾಸುಗಳನ್ನು ನೇಯ್ದಳು. ತಾನು ಬರೆದ ನಕ್ಷೆಯಂತೆ ಊರಿನ ಬಡಗಿಯಿಂದ ಪೀಠೋಪಕರಣ ಮಾಡಿಸಿದಳು. ಕಾರ್ಲ್ ಆ ಮನೆಯನ್ನು ಜಲವರ್ಣದಲ್ಲಿ ಚಿತ್ರಿಸಿದ. 1899ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಹೊರಬಂದು ಯುರೋಪಿನ ಮನೆಗಳ ರುಚಿಯನ್ನೇ ಬದಲಿಸಿದವು.

ಡಿಸೆಂಬರಿನಲ್ಲಿ ಆ ಸೀಮೆಗೆ ದಿನಕ್ಕೆ ಸುಮಾರು ಆರು ಗಂಟೆಯಷ್ಟೇ ಬೆಳಕು. ಸುತ್ತಲ ಕಾಡು ಪೈನ್ ಮತ್ತು ಬರ್ಚ್ ಮರಗಳದ್ದು. ಅವುಗಳ ಮರ ತಿಳಿಬಣ್ಣದ್ದು. ಹೀಗಾಗಿ ಇರುವಷ್ಟು ಬೆಳಕನ್ನು ಹಿಡಿದು ಕೋಣೆಯ ತುಂಬ ಹರಡುವ ಬಿಳುಪು ಅಲ್ಲಿಗೆ ಅಗತ್ಯ. ಅಲ್ಲಿ ಚೆಲುವು ಎಂದರೆ ಚಳಿಗಾಲಕ್ಕೆ ಕೊಟ್ಟ ಉತ್ತರ.

ಜಪಾನಿನ ಉತ್ತರವೇ ಬೇರೆ. ಅಲ್ಲಿನ ಬೇಸಿಗೆ ಮಳೆಯದು, ಆರ್ದ್ರತೆಯದು. ಆದುದರಿಂದ ನೆಲದಿಂದ ಎತ್ತರಿಸಿದ ಮನೆ, ಆಳವಾದ ಸೂರು, ಬೇಕೆಂದಾಗ ಪೂರ್ತಿ ಸರಿಸಿ ಗಾಳಿಯನ್ನು ಒಳಗೆ ಬಿಡಬಹುದಾದ ಕಾಗದದ ತೆರೆಗಳು. ಆಳವಾದ ಸೂರಿನಿಂದ ಒಳಗೆ ಮಬ್ಬು ಕವಿಯಿತು. ಜಪಾನಿನ ಕುಶಲಕರ್ಮಿಗಳು ಆ ಮಬ್ಬನ್ನು ಓಡಿಸಲು ಹೋಗದೆ, ಮಬ್ಬಿನಲ್ಲಿಯೇ ಚೆನ್ನಾಗಿ ಕಾಣುವ ಅರಗಿನ ಪಾತ್ರೆ, ಚಿನ್ನದ ರೇಖೆಗಳನ್ನು ರೂಪಿಸಿದರು. ಕಾದಂಬರಿಕಾರ ಜುನಿಚಿರೊ ತಾನಿಝಾಕಿ 1933ರಲ್ಲಿ ಈ ನೆರಳಿನ ಸೊಬಗನ್ನು ಕುರಿತೇ ಒಂದು ದೀರ್ಘ ಪ್ರಬಂಧ ಬರೆದ.

ಈ ಎರಡು ನಿದರ್ಶನಗಳಿಂದ ಕಲಿಯಬೇಕಾದದ್ದು ಬಿಳಿ ಗೋಡೆಯನ್ನೂ ಅಲ್ಲ, ಕಾಗದದ ಬಾಗಿಲನ್ನೂ ಅಲ್ಲ. ತಮ್ಮ ಬೆಳಕು ಎಂಥದು, ತಮ್ಮ ಮಳೆ ಎಂಥದು, ತಮ್ಮ ಸುತ್ತ ಏನು ಬೆಳೆಯುತ್ತದೆ ಎಂದು ಆ ಜನ ಕೇಳಿಕೊಂಡ ರೀತಿಯನ್ನು ಕಲಿಯಬೇಕು. ಅವರ ಪ್ರಶ್ನೆಯನ್ನು ಎರವಲು ತರಬಹುದು, ಅವರ ಉತ್ತರವನ್ನಲ್ಲ.

ಮಳೆಗಾಲದ ಪರೀಕ್ಷೆ

ಮಲೆನಾಡಿನ ಮನೆಯ ಒಳಾಂಗಣಕ್ಕೆ ನಿಜವಾದ ಪರೀಕ್ಷಕ ಆಷಾಢ ಮಾಸ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟು ಮಳೆಯಿಲ್ಲದ ಊರುಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಒದ್ದೆಯಾಗಿಯೇ ಇರುತ್ತದೆ. ಮರವು ಗಾಳಿಯಿಂದ ನೀರನ್ನು ಹೀರುವ, ಮರಳಿ ಬಿಡುವ ವಸ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಾಗ ಮರ ತನ್ನ ಒಣತೂಕದ ಸುಮಾರು ಶೇ. 9ರಷ್ಟು ನೀರನ್ನು ಹಿಡಿದುಕೊಂಡರೆ, ಆರ್ದ್ರತೆ ಶೇ. 90ಕ್ಕೇರಿದಾಗ ಆ ನೀರು ಶೇ. 20ರ ಆಸುಪಾಸಿಗೆ ಏರುತ್ತದೆ. ಗಟ್ಟಿಮರ ಈ ಏರಿಳಿತಕ್ಕೆ ಉಬ್ಬಿ, ಕುಗ್ಗಿ, ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಮರದ ಹೊಟ್ಟನ್ನೂ ನಾರನ್ನೂ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳು ಒಮ್ಮೆ ಉಬ್ಬಿದರೆ ಮರಳುವುದಿಲ್ಲ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕಪಾಟಿನ ಅಂಚು ಬಾಯಿಬಿಟ್ಟು, ತಿರುಪು ಸಡಿಲಗೊಂಡು, ಬಾಗಿಲು ಜೋತುಬೀಳುವುದು ಈ ಕಾರಣಕ್ಕೆ.

ಜಿಪ್ಸಮ್ಮಿನ ಕಥೆಯೂ ಇದೇ. ಒಣ ಸೀಮೆಯಲ್ಲಿ ಅದು ಒಳ್ಳೆಯ ವಸ್ತು. ಒದ್ದೆಯಾದಾಗ ಅದರ ಬಲ ಕುಂದುತ್ತದೆ. ಹೆಂಚಿನ ಮಾಡಿನ ಕೆಳಗೆ ತೂಗುಚಾವಣಿ ಕಟ್ಟಿದಾಗ ಮಾಡಿನ ಸಂದುಗಳಿಂದ ಹೊರಹೋಗಬೇಕಾದ ಒಳಗಾಳಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮೇಲೆ ಹೆಂಚು ಒಡೆದು ನೀರು ತೊಟ್ಟಿಕ್ಕಿದರೂ ಕೆಳಗಿನವರಿಗೆ ಗೊತ್ತಾಗುವುದು ಕಲೆ ಮೂಡಿದ ಬಳಿಕವೇ. ಗೋಡೆಗೆ ಅಂಟಿಸುವ ಕಾಗದ, ಉಸಿರಾಡಲು ಬಿಡದ ಪ್ಲಾಸ್ಟಿಕ್ ಬಣ್ಣಗಳ ಹಿಂದೆ ಬೂಷ್ಟು ನೆಮ್ಮದಿಯಾಗಿ ಬೆಳೆಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಹೊಸದಾಗಿ ಬಳಿದ ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಹಿಡಿಯುವುದು ಕಷ್ಟ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವ ಪದ್ಧತಿಯ ಹಿಂದೆ ಮಡಿಯ ಜೊತೆಗೆ ಈ ಲಾಭವೂ ಇತ್ತು.

ಹೊರಗಿನಿಂದ ಬಂದದ್ದೆಲ್ಲ ವರ್ಜ್ಯವೆಂದು ಇದರ ಅರ್ಥವಲ್ಲ. ಮಲೆನಾಡಿನ ಮನೆಯ ಗುರುತೇ ಆಗಿರುವ ಮಂಗಳೂರು ಹೆಂಚು ಮೂಲತಃ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ನನ ಉದ್ಯಮ. ಮಂಗಳೂರಿನಲ್ಲಿ ಅದರ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ನುಣುಪಾದ ಕೆಂಪು ಗಾರೆಯ ನೆಲಕ್ಕೆ ಬೇಕಾದ ಸಿಮೆಂಟೂ ಅನಂತರ ಬಂದ ವಸ್ತು. ಅವೆರಡೂ ಇಲ್ಲಿ ನೆಲೆ ನಿಂತದ್ದು ಅವು ಇಲ್ಲಿನ ಮಳೆಗೂ ಇಲ್ಲಿನ ಕೈಗಳಿಗೂ ಒಗ್ಗಿದ್ದರಿಂದ. ಮಂಗಳೂರಿನ ನದಿತೀರದ ಜೇಡಿಯಿಂದ ಹೆಂಚಾಯಿತು. ಊರಿನ ಗಾರೆಯವನ ಕೈಯಲ್ಲಿ ಕೆಂಪು ನೆಲ ಹೊಳಪು ಪಡೆಯಿತು. ಅಂಥ ನೆಲ ವರ್ಷಗಳ ಒರೆಸುವಿಕೆಯಿಂದ, ಕಾಲ್ನಡೆಯಿಂದ ಮತ್ತಷ್ಟು ಚೆಲುವಾಗುತ್ತದೆ. ಹಳತಾದಂತೆ ಚೆಲುವಾಗುವ ವಸ್ತು ಯಾವುದು, ಹಳತಾದಂತೆ ಕುರೂಪವಾಗುವ ವಸ್ತು ಯಾವುದು ಎಂಬ ವಿವೇಚನೆಯೇ ಅಲಂಕಾರದ ಮೊದಲ ಪಾಠ.

ಗೋಡೆ ಕಲಿಸುವ ಪಾಠ

ಚೆಲುವಿಗೆ ಹಣ ಬೇಕೆಂಬ ಮಾತನ್ನು ಸುಳ್ಳುಮಾಡುವ ಸಾಕ್ಷಿ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಸೀಮೆಯಲ್ಲಿಯೇ ಇದೆ. ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ದೊಡ್ಡ ಜಮೀನುದಾರರ ಕಂಬದ ಮನೆಗಳಲ್ಲಿ ಹುಟ್ಟಿದ ಕಲೆಯಲ್ಲ. ದುಡಿದು ತಿನ್ನುವವರ ಮಣ್ಣಿನ ಮನೆಗಳಲ್ಲಿ ಹುಟ್ಟಿದ್ದು. ಕೆಮ್ಮಣ್ಣು ಸಾರಿಸಿದ ಗೋಡೆಯೇ ಅದರ ಹಾಳೆ. ನೆನೆಸಿ ರುಬ್ಬಿದ ಅಕ್ಕಿಯಿಂದ ಬಿಳಿ, ಹುರಿದು ಕರಿಮಾಡಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಬೀಜದಿಂದ ಹಳದಿ. ಪುಂಡಿ ನಾರಿನ ಎಳೆಗಳೇ ಕುಂಚ. ಈ ನಾಲ್ಕು ಬಣ್ಣ, ಒಂದು ನಾರಿನಿಂದ ಮದುವೆಯ ಮನೆಯ ಗೋಡೆಯ ಮೇಲೆ ಮಂಟಪ, ದಂಡಿಗೆ, ಮದುಮಕ್ಕಳು, ಭತ್ತದ ಗಿಡ, ಹಕ್ಕಿಗಳು ರೇಖಾಗಣಿತದ ಶಿಸ್ತಿನಲ್ಲಿ ಮೂಡುತ್ತವೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಚರಗ ಒಯ್ಯುವ ಬುಟ್ಟಿಗೂ ಇದೇ ಚಿತ್ತಾರ.

ಕೃಷಿಯ ದೃಷ್ಟಿಯಿಂದ ನೋಡಿದರೆ ಈ ಗೋಡೆ ಗದ್ದೆಯ ಮುಂದುವರಿಕೆ. ಅದರ ಬಣ್ಣಗಳಲ್ಲಿ ಒಂದೂ ಅಂಗಡಿಯದಲ್ಲ. ಕೆರೆದು ತೆಗೆದರೆ ಗೊಬ್ಬರದ ಗುಂಡಿಗೆ ಸೇರಬಹುದಾದವು. ಕಾರ್ಖಾನೆಯ ಬಣ್ಣಗಳ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ; ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಳಿದ ಎಣ್ಣೆಬಣ್ಣದ ಬಾಗಿಲು, ತೊಟ್ಟಿಲುಗಳನ್ನು ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ ಮನೆಯಲ್ಲಿ ಅಪಾಯಕಾರಿ.

ಚಿತ್ತಾರಕ್ಕೆ ಇಂದು ನಗರದಲ್ಲಿ ಬೆಲೆಯಿದೆ. ಚೌಕಟ್ಟು ಹಾಕಿದ ಕಾಗದದ ಮೇಲೆ, ದಿಂಬಿನ ಚೀಲದ ಮೇಲೆ ಅದು ಮಾರಾಟವಾಗುತ್ತದೆ. ಕಲಾವಿದೆಯರಿಗೆ ಅದರಿಂದ ಸಂಪಾದನೆ ಆಗುವುದು ಸಂತೋಷದ ಸಂಗತಿಯೇ. ಆದರೆ ಚಿತ್ತಾರ ಹುಟ್ಟಿದ ಊರುಗಳಲ್ಲಿ ಕೆಮ್ಮಣ್ಣಿನ ಗೋಡೆ ಕಡಿಮೆಯಾಗುತ್ತಿದೆ. ಗೋಡೆಯೇ ಇಲ್ಲದ ಮೇಲೆ ಅಜ್ಜಿಯ ಪಕ್ಕದಲ್ಲಿ ಕುಳಿತು ಎಳೆಯುವುದನ್ನು ಮೊಮ್ಮಗಳು ಕಲಿಯುವುದು ಎಲ್ಲಿ? ಹೊಸ ಮನೆ ಕಟ್ಟುವವರು ಪಡಸಾಲೆಯ ಒಂದೇ ಒಂದು ಗೋಡೆಯನ್ನು ಮಣ್ಣಿನ ಗಾರೆಗೆ ಮೀಸಲಿಟ್ಟು, ಊರಿನ ಕಲಾವಿದೆಯನ್ನು ಕರೆಸಿ, ಬಡಗಿಗೂ ಗಾರೆಯವನಿಗೂ ಕೊಡುವಂತೆ ದಿನಗೂಲಿಯನ್ನಲ್ಲದೆ ಕೌಶಲ್ಯದ ಕೂಲಿಯನ್ನೂ ಕೊಟ್ಟು ಬರೆಯಿಸಿದರೆ, ಮುದ್ರಿತ ಚಿತ್ರಪಟ ಕೊಡಲಾಗದ ಚೆಲುವು ಆ ಮನೆಗೆ ಬರುತ್ತದೆ.

ಮರದ ಹಿಂದಿನ ಕಾಡು

ಒಳಾಂಗಣವೆಂದರೆ ಮಲೆನಾಡಿನಲ್ಲಿ ಮುಖ್ಯವಾಗಿ ಮರ. ಹೀಗಾಗಿ ಮರದ ಆಯ್ಕೆಯಲ್ಲಿಯೇ ಮನೆಯವರ ಪರಿಸರ ನೀತಿ ಬಯಲಾಗುತ್ತದೆ. ಉತ್ತರ ಕನ್ನಡದ ಕಾಡುಗಳಲ್ಲಿ ಪ್ಲೈವುಡ್ ಕಾರ್ಖಾನೆಗಳಿಗಾಗಿ ಮರಗಳು ಉರುಳುತ್ತಿದ್ದುದನ್ನು ಕಂಡೇ 1983ರ ಸೆಪ್ಟೆಂಬರಿನಲ್ಲಿ ಸಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ಹುಟ್ಟಿನಲ್ಲಿ ನಗರದ ಕಪಾಟಿನ ಹಲಗೆಯೂ ಒಂದು ಕಾರಣವೆಂಬುದನ್ನು ಮರೆಯುವಂತಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ಅನಂತರ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯುವುದು ನಿಂತಿತು. ಇಂದಿನ ಪ್ಲೈವುಡ್ಡಿನ ಬಹುಭಾಗ ರೈತರ ಹೊಲದ್ದು. ಹರಿಯಾಣದ ಯಮುನಾನಗರದಲ್ಲಿ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ. ಆದುದರಿಂದ ಪ್ಲೈವುಡ್ಡನ್ನು ಕಾಡಿನ ಶತ್ರುವೆಂದು ಈಗ ಸಾರಾಸಗಟಾಗಿ ದೂರುವುದು ನ್ಯಾಯವಲ್ಲ.

ಈಗಿನ ಪ್ರಶ್ನೆ ಅಂಟಿನದು. ಒತ್ತು ಹಲಗೆಗಳಲ್ಲಿ ಸಾಮಾನ್ಯವಾಗಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬೆಚ್ಚಗೂ ತೇವವೂ ಆದ ಹವೆಯಲ್ಲಿ ಹೆಚ್ಚು ಅನಿಲ ಬಿಡುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಹಲಗೆ ಕೊಳ್ಳಲೇಬೇಕಾದವರು ಕಡಿಮೆ ಅನಿಲ ಬಿಡುವ ಇ-ಒಂದು ಅಥವಾ ಇ-ಸೊನ್ನೆ ದರ್ಜೆಯನ್ನು ಕೇಳಿ ಪಡೆಯಬೇಕು. ಕತ್ತರಿಸಿದ ಅಂಚುಗಳನ್ನು ಮುಚ್ಚಿಸಬೇಕು. ಕೆಲಸ ಮುಗಿದ ಬಳಿಕ ಉಳಿದ ತುಂಡುಗಳು ಬಚ್ಚಲ ಒಲೆಗೆ ಹೋಗುವುದು ಮಲೆನಾಡಿನಲ್ಲಿ ಸಾಮಾನ್ಯ. ಅಂಟು ಮತ್ತು ಲ್ಯಾಮಿನೇಟ್ ಸುಟ್ಟ ಹೊಗೆಯನ್ನು ಮೊದಲು ಉಸಿರಾಡುವವರು ನೀರು ಕಾಯಿಸುವ ಹೆಂಗಸರು. ಒಲೆಗೆ ಹಾಕಲಾಗದ, ಗೊಬ್ಬರವಾಗದ ವಸ್ತು ಕೊನೆಗೆ ಬೀಳುವುದು ಬೆಟ್ಟದ ಸೊಪ್ಪಿನ ದಾರಿಯಲ್ಲಿ.

ಹಾಗಿದ್ದರೆ ಯಾವ ಮರ? ಬೀಟೆಯಂತೂ ಅಲ್ಲ. ನಿಧಾನವಾಗಿ ಬೆಳೆಯುವ ಈ ಮರದ ಇಡೀ ಕುಲವನ್ನು 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಗೆ ಸೇರಿಸಲಾಗಿದೆ. ಬರ್ಮಾ ತೇಗದ ಮೋಹವನ್ನೂ ಬಿಡುವುದು ಒಳ್ಳೆಯದು. ಕಾಡು ಬರಿದಾಗುತ್ತಿರುವುದನ್ನು ಕಂಡು ಆ ದೇಶವೇ 2014ರ ಏಪ್ರಿಲಿನಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಮನೆಯ ಹಿತ್ತಿಲಲ್ಲಿಯೇ ಹಲಸು ಇದೆ. ಬಲಿತ ಹಲಸಿನ ತಿರುಳು ಹೊಸದರಲ್ಲಿ ಹಳದಿ. ಬೆಳಕು ತಾಗಿದಂತೆ ಜೇನಿನ ಬಣ್ಣಕ್ಕೂ ಅನಂತರ ಕಂದುಬಣ್ಣಕ್ಕೂ ತಿರುಗುತ್ತದೆ. ಯಾವ ಪಾಲಿಷೂ ಅಂಥ ಬಣ್ಣವನ್ನು ಕೊಡಲಾರದು. ಕಾಫಿ ತೋಟದ ಸಿಲ್ವರ್ ಓಕ್, ನೆಡುತೋಪಿನ ಅಕೇಶಿಯಾಗಳನ್ನು ಚೆನ್ನಾಗಿ ಒಣಗಿಸಿ ಬಳಸಿದರೆ ಒಳಾಂಗಣದ ಪೀಠೋಪಕರಣಗಳಿಗೆ ಸಾಕು. ಹೊಲದ ಮರವಾದರೂ ಹಲವು ಜಾತಿಗಳನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನುಮತಿ ಬೇಕೆಂಬುದು ನೆನಪಿರಲಿ.

ಎಲ್ಲಕ್ಕಿಂತ ಒಳ್ಳೆಯ ಮರ ಆಗಲೇ ಕಡಿದಾಗಿರುವ ಮರ. ಹಳೆಯ ಮನೆಯನ್ನು ಇಳಿಸಲೇಬೇಕಾದಲ್ಲಿ ಅದರ ತೊಲೆ, ಕಂಬ, ಹಲಗೆಗಳನ್ನು ಮಾರುವ ಮುನ್ನ ಹೊಸ ಮನೆಯ ನಕ್ಷೆಯನ್ನು ಅವುಗಳ ಅಳತೆಗೆ ಬರೆಸಬಹುದು. ನೂರು ಮಳೆಗಾಲ ಕಂಡ ಮರ ಇನ್ನು ಸೊಟ್ಟಗಾಗುವುದಿಲ್ಲ. ಪತ್ತಾಯದ ಹಲಗೆ ಊಟದ ಮೇಜಾಗಬಲ್ಲದು. ಮುರಿದ ಹೆಬ್ಬಾಗಿಲಿನ ಚೌಕಟ್ಟು ಪುಸ್ತಕದ ಕಪಾಟಾಗಬಲ್ಲದು.

ಬೇಲಿ, ತೋಟ, ಮಗ್ಗ

ಮರದಾಚೆಗೂ ಮನೆಯ ಸುತ್ತ ಬೇಕಾದಷ್ಟು ಇದೆ. ಬೆತ್ತದ ಕುರ್ಚಿ ಎಲ್ಲರಿಗೂ ಪ್ರಿಯ. ಆದರೆ ಬೆತ್ತ ಏರಲು ಮರ ಬೇಕು, ಬೆಳೆಯಲು ನೆರಳಿನ ಕಾಡು ಬೇಕು. ಅದರಲ್ಲಿ ಗಂಡು ಹೆಣ್ಣು ಗಿಡಗಳು ಬೇರೆಬೇರೆ. ಹೂ ಕಾಯಿ ಬಿಡುವ ಮುನ್ನವೇ ಬಳ್ಳಿಗಳನ್ನೆಲ್ಲ ಕಡಿದರೆ ಬೀಜವೇ ಇಲ್ಲದಂತಾಗುತ್ತದೆ. ಬಿದಿರು ಇದಕ್ಕಿಂತ ಉದಾರಿ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಮರದ ವ್ಯಾಖ್ಯೆಯಿಂದ ಹೊರಬಂದಿದೆ. ಬಿದಿರಿನ ಪೀಠೋಪಕರಣ ಪುಡಿಯಾಗುವುದು ಅದರೊಳಗಿನ ಪಿಷ್ಟವನ್ನು ತಿನ್ನುವ ಕುಟ್ಟೆಹುಳದಿಂದ. ಮೂರು ನಾಲ್ಕು ವರ್ಷ ಬಲಿತ ಗಳುವನ್ನು ಮಳೆ ಮುಗಿದ ಬಳಿಕ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸಿದರೆ ಅದು ಬಹುಕಾಲ ಬಾಳುತ್ತದೆ.

ಬೆತ್ತದ ಸೊಬಗು ಬೇಕು, ಕಾಡೂ ಉಳಿಯಬೇಕು ಎನ್ನುವವರಿಗೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಒಂದು ದಾರಿ ತೋರಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಕಾಡಿನ ನೆಲವನ್ನೇ ಆಕ್ರಮಿಸಿದೆ. 2000ದ ದಶಕದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗ ಕುಶಲಕರ್ಮಿಗಳು ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ, ಬುಟ್ಟಿ, ಸೋಫಾಗಳನ್ನು ಮಾಡಲು ತೊಡಗಿದರು. ಇಲ್ಲಿ ಕೊಂಡಷ್ಟೂ ಕಾಡಿಗೆ ಲಾಭ. ಅಡಿಕೆ ತೋಟದವರ ಬಳಿಯೂ ಇಂಥ ವಸ್ತುವೊಂದು ಬಿದ್ದಿದೆ. ಹಳದಿ ಎಲೆ ರೋಗಕ್ಕೆ ಸೋತು ಕಡಿದ ಅಡಿಕೆಮರದ ಹೊರದಬ್ಬೆ ಗಟ್ಟಿ. ಒಳಗಿನ ಮೆದುಭಾಗವನ್ನು ಕೆತ್ತಿ ತೆಗೆದು ಒಣಗಿಸಿದರೆ ಜಗಲಿಯ ಅಡ್ಡಗೋಡೆಗೂ ಬೆಂಚಿಗೂ ಒದಗುತ್ತದೆ.

ಬಟ್ಟೆಯ ವಿಷಯದಲ್ಲಿ ದೂರ ಹೋಗಬೇಕಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ, ಕೈಮಗ್ಗದ ಬಟ್ಟೆಗೆ ಸಸ್ಯಜನ್ಯ ಬಣ್ಣ ಹಾಕುವ ವಿದ್ಯೆಯನ್ನು ಬೆಳೆಸಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಟ್ಟೆಯ ಬಣ್ಣವಾಯಿತು. ನೆಲಕ್ಕೆ ನವಲಗುಂದದ ಜಮಖಾನ, ಚಳಿಗೆ ಚಿತ್ರದುರ್ಗ ಸೀಮೆಯ ಕರಿಕಂಬಳಿ, ಹೊಳೆದಂಡೆಯ ಮುಂಡುಗೆ ಓಲೆಯ ಚಾಪೆ - ಇವುಗಳಿಂದ ಸಜ್ಜಾದ ಕೋಣೆ ಬಡವಾಗಿ ಕಾಣುವುದಿಲ್ಲ.

ಕೋಣೆಯೊಳಗಿನ ಹೂಕುಂಡಗಳ ಕುರಿತು ಒಂದು ಸ್ಪಷ್ಟನೆ ಅಗತ್ಯ. ಕುಂಡದ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ನಂಬಿಕೆ ಅಮೆರಿಕದ ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದಿಂದ ಹರಡಿತು. 2019ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಅಂಥ ಪ್ರಯೋಗಗಳನ್ನೆಲ್ಲ ತೂಗಿ ನೋಡಿ, ಸಾಮಾನ್ಯ ಕಟ್ಟಡದ ಗಾಳಿಸಂಚಾರಕ್ಕೆ ಸರಿಗಟ್ಟಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತದೆಂದು ತೋರಿಸಿತು. ಗಿಡಗಳು ಕಣ್ಣಿಗೆ ತಂಪು, ಅಷ್ಟು ಸಾಕು. ಗಾಳಿಗೆ ಕಿಟಕಿ ತೆರೆಯಬೇಕು. ಜಗಲಿಯಲ್ಲಿ ತೂಗಲು ಕಾಡಿನ ಸೀತಾಳೆ ದಂಡೆಯನ್ನು ಮರದಿಂದ ಕಿತ್ತು ತರುವುದು ತರವಲ್ಲ. ಆರ್ಕಿಡ್ ಬೀಜ ಮೊಳೆಯಲು ಶಿಲೀಂಧ್ರದ ನೆರವು ಬೇಕು. ಹೋದದ್ದು ಸುಲಭವಾಗಿ ಮರಳುವುದಿಲ್ಲ.

ಹಳತರ ಲೋಪ

ಹಳೆಯ ಮನೆಯನ್ನು ಹೊಗಳುವಾಗ ಅದರ ಲೋಪಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕಿಟಕಿಗಳು ಕಿರಿದು, ಅಡುಗೆಮನೆ ಕತ್ತಲೆ, ಹೊಗೆ ಕಣ್ಣಿಗೆ. ಸಗಣಿ ನೆಲ ಸಾರಿಸುವ, ಗೋಡೆ ಬಳಿಯುವ, ಹಿತ್ತಾಳೆ ತಿಕ್ಕುವ ದುಡಿಮೆಯೆಲ್ಲ ಹೆಂಗಸರ ಪಾಲಿನದು. ಸೊಸೆಯಂದಿರು ಟೈಲ್ಸ್ ನೆಲವನ್ನು ಬಯಸಿದ್ದರಲ್ಲಿ ಶೋಕಿಗಿಂತ ಬೆನ್ನುನೋವಿನ ಪಾಲು ಹೆಚ್ಚು. ಅವರ ಬಯಕೆಯನ್ನು ಲೇವಡಿ ಮಾಡುವ ಪರಿಸರವಾದಕ್ಕೆ ಮನೆಯೊಳಗೆ ಪ್ರವೇಶ ಸಿಗದು, ಸಿಗಲೂಬಾರದು. ಅಡುಗೆಮನೆಗೆ ಒರೆಸಲು ಸುಲಭವಾದ ನೆಲ, ನಿಂತು ಕೆಲಸ ಮಾಡುವ ಕಟ್ಟೆ, ಹೊಗೆ ಹೋಗುವ ದಾರಿ, ಮಾಡಿನಲ್ಲಿ ನಾಲ್ಕಾರು ಗಾಜಿನ ಹೆಂಚು ಮೊದಲು ಬರಬೇಕು. ಪಡಸಾಲೆಯ ಶೃಂಗಾರ ಅನಂತರ.

ಮಾದರಿ ಹುಡುಕುವ ಬಗೆ

ಕೊನೆಯದಾಗಿ, ಮಾದರಿಯನ್ನು ಹುಡುಕುವುದು ಹೇಗೆ? ನೋಡಲು ತಾಣಗಳಿವೆ. ಕುಪ್ಪಳಿಯ ಕವಿಮನೆಗೆ ಹೋಗಿ ಒಳ ಅಂಗಳದ ಬೆಳಕು ಕಂಬಗಳ ನಡುವೆ ಹೇಗೆ ಇಳಿಯುತ್ತದೆಂದು ನೋಡಬಹುದು. ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು ಉರುಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಕೊಡಗಿನ ಐನ್‌ಮನೆಗಳ ಕೈಯಾಲೆಯಲ್ಲಿ ಕಂಬಗಳ ನಡುವೆ ಕೂರಿಸಿದ ಅಗಲ ಹಲಗೆ, ಅಂದರೆ ಐಮರ, ಎಷ್ಟು ಸರಳವಾದ ಆಸನವೆಂಬುದನ್ನು ಗಮನಿಸಬಹುದು. ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007), ಮನೆಯ ಸಾಮಗ್ರಿ ಐದು ಮೈಲಿಯ ಒಳಗೆ ಸಿಗುವಂಥದ್ದಾಗಿರಲಿ ಎಂಬ ಗಾಂಧೀಜಿಯ ಸಲಹೆಯನ್ನು ಜೀವನವಿಡೀ ನೆನೆಯುತ್ತಿದ್ದರು. ಇಂದು ಅದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೆ ಪ್ರತಿ ಕೋಣೆಯಲ್ಲಿ ಒಂದಾದರೂ ಮುಖ್ಯ ವಸ್ತು ಆ ಸುತ್ತಳತೆಯಿಂದ ಬರಲಿ ಎಂದು ನಿಶ್ಚಯಿಸುವುದು ಸಾಧ್ಯ.

ನೋಡಿದ ಬಳಿಕ ಮಾಡಬೇಕಾದದ್ದು ಮನೆಯಲ್ಲಿಯೇ. ಖರ್ಚಿಗೆ ಮುನ್ನ ಒಂದು ಮಳೆಗಾಲವಿಡೀ ಮನೆಯನ್ನು ಗಮನಿಸಬೇಕು: ಯಾವ ಗೋಡೆ ತೇವ ಹಿಡಿಯುತ್ತದೆ, ಬಟ್ಟೆ ಎಲ್ಲಿ ಒಣಗುತ್ತದೆ, ಮಧ್ಯಾಹ್ನ ಎಲ್ಲಿ ದೀಪ ಬೇಕಾಗುತ್ತದೆ, ಮನೆಮಂದಿ ತಾವಾಗಿಯೇ ಎಲ್ಲಿ ಕೂರುತ್ತಾರೆ. ಬಳಿಕ ತರಬೇಕೆನಿಸಿದ ಪ್ರತಿಯೊಂದು ವಸ್ತುವಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಇದು ಎಲ್ಲಿ ಬೆಳೆಯಿತು? ಇದನ್ನು ಮಾಡಿದ ಕೈಗೆ ತಕ್ಕ ಕೂಲಿ ಸಿಕ್ಕಿತೆ? ಕೆಟ್ಟರೆ ಊರಿನಲ್ಲಿ ಯಾರಾದರೂ ರಿಪೇರಿ ಮಾಡಬಲ್ಲರೆ? ಮನೆಯಿಂದ ಹೊರಹೋಗುವಾಗ ಇದು ಎಲ್ಲಿಗೆ ಹೋಗುತ್ತದೆ? ನಾಲ್ಕಕ್ಕೂ ಉತ್ತರ ಸಿಗದ ವಸ್ತು ಎಷ್ಟೇ ಚೆಲುವಾಗಿದ್ದರೂ ಮುಂದಿನ ಮಳೆಗಾಲದವರೆಗೆ ಅಂಗಡಿಯಲ್ಲಿಯೇ ಇರಲಿ.

ಬಡಗಿ, ಗಾರೆಯವರು, ಚಿತ್ತಾರ ಬರೆಯುವವರು, ಮಗ್ಗದ ಮುಂದೆ ಕೂರುವವರು ಇನ್ನೂ ಈ ಬೆಟ್ಟಗಳ ನಡುವೆ ಇದ್ದಾರೆ. ಅವರಿಗೆ ಕೆಲಸ ಸಿಗುವ ಮನೆಗಳು ಎದ್ದರೆ ಅವರ ಮಕ್ಕಳು ಆ ವಿದ್ಯೆಯನ್ನು ಕಲಿಯುತ್ತಾರೆ. ಸಿಗದಿದ್ದರೆ, ಇನ್ನೊಂದು ತಲೆಮಾರಿನಲ್ಲಿ ಮಲೆನಾಡಿನ ಮನೆಯ ಒಳಗನ್ನು ನೋಡಬಯಸುವವರು ನಗರದ ಹೋಟೆಲಿಗೆ ಹೋಗಿ, ಮಾರಿದ ಕಂಬದ ಪಕ್ಕದಲ್ಲಿ ಕುಳಿತು ಕಾಫಿ ಕುಡಿಯಬೇಕಾಗುತ್ತದೆ. ಈ ವರ್ಷ ಮನೆ ಇಳಿಸಲು ಹೊರಟವರು ಅಳತೆಯ ಟೇಪನ್ನು ಮೊದಲು ಆ ಕಂಬಗಳಿಗೇ ಹಿಡಿಯಲಿ ಎಂಬುದು ವಿನಂತಿ.